ಕಳಲೆಯ ಒಡೆಯರೂ ದಳವಾಯಿ ಪದವಿಯೂ

ಕಪಿಲೆಯೂ ಕಾವೇರಿಯೂ ತಿರುಮಕೂಡಲಿನಲ್ಲಿ ಕೂಡುವ ನಾಡು 16ನೆಯ ಶತಮಾನದಲ್ಲಿ ಹಲವು ಒಡೆಯರಲ್ಲಿ ಹಂಚಿಹೋಗಿದ್ದಿತು. ವಿಜಯನಗರದ ಮೇಲಾಳಿಕೆಗೆ ಒಳಪಟ್ಟು ಉಮ್ಮತ್ತೂರು, ಮೈಸೂರು, ಕಳಲೆ ಮೊದಲಾದ ಮನೆತನಗಳವರು ತಮ್ಮ ತಮ್ಮ ಸೀಮೆಗಳನ್ನು ಆಳುತ್ತಿದ್ದರು. ಇವರಲ್ಲಿ ಪ್ರಬಲರಾಗಿದ್ದ ಉಮ್ಮತ್ತೂರಿನವರು ಶಿವನಸಮುದ್ರವನ್ನು ಆಶ್ರಯಿಸಿ ಸಾಮ್ರಾಜ್ಯವನ್ನೇ ಎದುರಿಸಿದರು, ಕ್ರಿ. ಶ. 1512ರ ವೇಳೆಗೆ ಕೃಷ್ಣದೇವರಾಯನು ಅವರನ್ನು ಮುರಿದನು. ಸಾಮ್ರಾಜ್ಯದ ಬಲ ಕುಂದಿದ ಮೇಲೆ ಮೈಸೂರಿನ ರಾಜ ಒಡೆಯರು 1610ರಲ್ಲಿ ಶ್ರೀರಂಗಪಟ್ಟಣವನ್ನು ವಶಪಡಿಸಿಕೊಂಡು, ನೆರೆಯ ಸೀಮೆಗಳನ್ನು ಒಂದೊಂದಾಗಿ ತಮ್ಮ ರಾಜ್ಯಕ್ಕೆ ಸೇರಿಸಿಕೊಂಡರು.

ಹೀಗೆ ಸೇರಿದವರಲ್ಲಿ ನಂಜನಗೂಡಿಗೆ ಸಮೀಪದ ಕಳಲೆಯವರ ಗತಿ ಮಾತ್ರ ಬೇರೆಯಾಯಿತು. ಮೈಸೂರಿನವರು ಸಿಂಹಾಸನವನ್ನೂ ಕಳಲೆಯವರು ದಳವಾಯಿತನವನ್ನೂ ವಂಶಪಾರಂಪರ್ಯವಾಗಿ ಹೊಂದಿರತಕ್ಕದ್ದೆಂದು ಉಭಯ ಮನೆತನಗಳಿಗೂ ಭಾಷೆಯಾಯಿತೆಂದು ಪ್ರತೀತಿ. ಆದರೆ ಈ ಪದವಿಯು ಎಡೆಬಿಡದೆ ಅವರಲ್ಲಿಯೇ ಉಳಿಯಲಿಲ್ಲ. 1638ರಲ್ಲಿ ಇಮ್ಮಡಿ ರಾಜ ಒಡೆಯರ ಮರಣಕ್ಕೆ ಕಾರಣನೆನಿಸಿದ ದಳವಾಯಿ ವಿಕ್ರಮರಾಯನು ಕಳಲೆಯವನಲ್ಲ. ಚಿಕದೇವರಾಜ ಒಡೆಯರ ಕಾಲದ ದಳವಾಯಿ ಕುಮಾರಯ್ಯನಾದರೋ ಆ ಮನೆತನದವನು. ಆದುದರಿಂದ ಪ್ರತೀತಿಯ ಭಾಷೆಯನ್ನು ಅಕ್ಷರಶಃ ನಂಬುವುದಕ್ಕಿಂತ, ವಿವಾಹಸಂಬಂಧದಿಂದಲೂ ಸೇನಾಸೇವೆಯಿಂದಲೂ ಕ್ರಮೇಣ ಬಲಿತ ಹಕ್ಕೆಂದು ಇದನ್ನು ಗ್ರಹಿಸುವುದು ಯುಕ್ತ.

ಯೂರೋಪಿನ ಚರಿತ್ರೆಯೊಡನೆ ಹೋಲಿಸಿದರೆ ಇದರ ವಿಶೇಷವು ಸ್ಪಷ್ಟವಾಗುವುದು. ಪೋಲೆಂಡಿನಲ್ಲಿ ಮೂರನೆಯ ಬೊಲೆಸ್ಲಾವನು 1138ರಲ್ಲಿ ತೀರಿಕೊಂಡ ಬಳಿಕ ರಾಜ್ಯವು ಅವನ ಮಕ್ಕಳಲ್ಲಿ ಹಂಚಿಹೋಯಿತು. 1320ರಲ್ಲಿ ಕ್ರಾಕೋವಿನಲ್ಲಿ ವ್ಲಾದಿಸ್ಲಾವನಿಗೆ ಪಟ್ಟವಾಗುವವರೆಗೆ ಪ್ರಾಂತದ ಪ್ರಭುಗಳ ಕಲಹವು ಮುಗಿಯಲಿಲ್ಲ. ಅಲ್ಲಿ ಒಂದೇ ಕುಲದವರು ನೆಲವನ್ನು ಹಂಚಿಕೊಂಡರು. ಇಲ್ಲಿ ಎರಡು ಕುಲದವರು ನೆಲವನ್ನು ಒಂದುಮಾಡಿ ಅಧಿಕಾರವನ್ನು ಹಂಚಿಕೊಂಡರು. ನೆಲದ ಪಾಲಿಗೆ ಎಲ್ಲೆಗಲ್ಲು ಉಂಟು. ಅಧಿಕಾರದ ಪಾಲಿಗೆ ಅದಿಲ್ಲ.

ಈ ಕೊರತೆಯ ಫಲವು 1734ರಲ್ಲಿ ಪ್ರಕಟವಾಯಿತು. ಕಳಲೆಯ ದೇವರಾಜಯ್ಯನೂ ನಂಜರಾಜಯ್ಯನೂ ಚಾಮರಾಜ ಒಡೆಯರನ್ನು ಪದಚ್ಯುತಗೊಳಿಸಿ ಕಬ್ಬಾಳದುರ್ಗಕ್ಕೆ ಕಳುಹಿಸಿ, ಬಾಲಕರಾದ ಇಮ್ಮಡಿ ಕೃಷ್ಣರಾಜ ಒಡೆಯರಿಗೆ ಪಟ್ಟಕಟ್ಟಿದರು. ಅರಸು ಹೆಸರಿಗೆ ಮಾತ್ರ ಉಳಿಯಿತು. ಮುಂದೆ ಕರಾಚೂರಿ ನಂಜರಾಜಯ್ಯನು ತಿರುಚಿರಾಪಳ್ಳಿಗಾಗಿ ನಡೆಸಿದ ದಂಡಯಾತ್ರೆಯಿಂದ ಬೊಕ್ಕಸವು ಬರಿದಾಯಿತು, ಸಂಬಳವಿಲ್ಲದ ಸೈನ್ಯವು ದಂಗೆಯೆದ್ದಿತು. ಆ ಸೈನ್ಯದಲ್ಲಿ ಮೇಲೇರಿದ ಹೈದರಲ್ಲಿಯು 1761ರಲ್ಲಿ ಸರ್ವಾಧಿಕಾರವನ್ನು ಕೈಗೊಂಡನು. ಅರಸನನ್ನು ನೆರಳಾಗಿಸಿದ ದಳವಾಯಿ ತಾನೂ ನೆರಳಾದನು.

ಇಷ್ಟಾದರೂ ಈ ಮನೆತನವನ್ನು ರಾಜ್ಯಾಪಹಾರಿಗಳದೆಂದು ಮಾತ್ರ ಎಣಿಸುವುದು ನ್ಯಾಯವಲ್ಲ. ನಂಜನಗೂಡಿನಲ್ಲಿ ಕಪಿಲೆಗೆ ಕಟ್ಟಿದ ಕಲ್ಲುಸೇತುವೆಯು ದಳವಾಯಿ ದೇವರಾಜಯ್ಯನ ಕಾಲದ್ದು. 1735ರ ಈ ಸೇತುವೆಯ ಮೇಲೆ ಮುಂದೆ ರೈಲುಗಾಡಿಯೂ ಓಡಿತು. ನಂಜರಾಜಯ್ಯನು ಶಿವಭಕ್ತನು, ಸ್ವತಃ ಕನ್ನಡ ಗ್ರಂಥಕಾರನು. ‘ಕಕುದ್ಗಿರಿ ಮಾಹಾತ್ಮ್ಯ’, ‘ಶಿವಭಕ್ತಿವಿಲಾಸ ದರ್ಪಣ’ ಮೊದಲಾದುವು ಅವನ ಹೆಸರಿನಲ್ಲಿವೆ. ನೃಸಿಂಹಕವಿಯು ‘ನಂಜರಾಜಯಶೋಭೂಷಣ’ವೆಂಬ ಸಂಸ್ಕೃತ ಅಲಂಕಾರಗ್ರಂಥದಲ್ಲಿ ವಿದ್ಯಾನಾಥನ ‘ಪ್ರತಾಪರುದ್ರಯಶೋಭೂಷಣ’ದ ಮಾರ್ಗವನ್ನು ಹಿಡಿದು ಇವನನ್ನೇ ನಾಯಕನನ್ನಾಗಿ ಮಾಡಿದನು. ವಿದ್ಯಾನಾಥನ ನಾಯಕನು ಓರಂಗಲ್ಲಿನ ಅರಸು. ನೃಸಿಂಹಕವಿಯ ನಾಯಕನು ಸಿಂಹಾಸನವಿಲ್ಲದ ಮಂತ್ರಿ. ರಾಜನಿಗೆ ಸಲ್ಲುವ ಸ್ತುತಿಯು ಯಾರಿಗೆ ಸಂದಿತೆಂಬುದರಿಂದಲೇ ಆ ಕಾಲದಲ್ಲಿ ರಾಜ್ಯವು ಯಾರ ಕೈಯಲ್ಲಿದ್ದಿತೆಂಬುದು ತಿಳಿಯುತ್ತದೆ. ಸಾಹಿತ್ಯವನ್ನು ಓದುವವರು ಚರಿತ್ರೆಗೆ ಈ ಬಗೆಯ ಸಾಕ್ಷ್ಯವನ್ನೂ ಒದಗಿಸಬಲ್ಲರು.