ಹೊಲದ ಶಾಸನಕಲ್ಲುಗಳೂ ಅವುಗಳ ಡಿಜಿಟಲ್ ಪ್ರತಿಗಳೂ

ಕನ್ನಡ ನಾಡಿನ ಅನೇಕ ಗ್ರಾಮಗಳಲ್ಲಿ ಹೊಲದ ಬದುವಿನ ಮೇಲೆ, ಕೆರೆಯ ಏರಿಯ ಬಳಿಯಲ್ಲಿ, ಹಾಳು ದೇವಾಲಯದ ಮುಂದೆ ಬರವಣಿಗೆಯುಳ್ಳ ಕಲ್ಲುಗಳು ನಿಂತಿರುವುದುಂಟು. ಇವುಗಳಲ್ಲಿ ಕೆಲವು ವೀರಗಲ್ಲುಗಳು, ಕೆಲವು ದಾನಶಾಸನಗಳು. ಯಾವ ಭೂಮಿಯನ್ನು ಯಾರು ಯಾರಿಗೆ ಬಿಟ್ಟರು, ಅದರ ಎಲ್ಲೆಗಳಾವುವು, ಗದ್ದೆಯೆಷ್ಟು, ಬೆದ್ದಲೆಷ್ಟು ಎಂಬ ವಿವರಗಳು ದಾನಶಾಸನಗಳಲ್ಲಿ ದೊರೆಯುತ್ತವೆ. ಕೆರೆಗಳ ನಿರ್ಮಾಣಕ್ಕೂ ರಕ್ಷಣೆಗೂ ಬಿಟ್ಟ ಭೂಮಿಗೆ ಬಿತ್ತುವಟ್ಟ, ಕಟ್ಟುಕೊಡಗೆ ಎಂಬ ಹೆಸರುಗಳಿದ್ದುದು ಈ ಕಲ್ಲುಗಳಿಂದಲೇ ತಿಳಿದುಬಂದಿದೆ. ಆದುದರಿಂದ ಇವುಗಳನ್ನು ಗ್ರಾಮದ ಅತ್ಯಂತ ಪುರಾತನವಾದ ದಫ್ತರವೆಂದು ಕರೆದರೆ ತಪ್ಪಾಗಲಾರದು.

ಈ ದಫ್ತರವನ್ನು ಸಂಗ್ರಹಿಸುವ ಕಾರ್ಯವು ಹೊಸದೇನೂ ಅಲ್ಲ. ಬಿ. ಎಲ್. ರೈಸ್ ಅವರು ಮೈಸೂರು ಮತ್ತು ಕೊಡಗು ಸೀಮೆಗಳಲ್ಲಿ ಸುಮಾರು 9,000 ಶಾಸನಗಳನ್ನು ಸಂಗ್ರಹಿಸಿ, 1886ರಿಂದ ಮೊದಲುಗೊಂಡು ‘ಎಪಿಗ್ರಾಫಿಯ ಕರ್ನಾಟಿಕ’ದ ಸಂಪುಟಗಳಲ್ಲಿ ಪ್ರಕಟಿಸಿದರು. 1936ರಲ್ಲಿ ಎಂ. ಎಚ್. ಕೃಷ್ಣ ಅವರು ಬೇಲೂರು ತಾಲ್ಲೂಕಿನ ಹಲ್ಮಿಡಿಯೆಂಬ ಸಣ್ಣ ಗ್ರಾಮದಲ್ಲಿ ಕಂಡುಹಿಡಿದ ಶಾಸನವು ಕನ್ನಡ ಭಾಷೆಯ ಇತಿಹಾಸಕ್ಕೇ ಆಧಾರವಾಯಿತು. ಆಗ ಕಲ್ಲಿನ ಮೇಲೆ ಒದ್ದೆ ಕಾಗದವನ್ನು ಹಾಸಿ, ಕುಂಚದಿಂದ ತಟ್ಟಿ, ಮಸಿಯನ್ನು ಲೇಪಿಸಿ ಅಚ್ಚು ತೆಗೆಯುವುದು ರೂಢಿಯಾಗಿತ್ತು. ಅಕ್ಷರಗಳು ತೀರ ಸವೆದಿದ್ದರೆ ಈ ಅಚ್ಚಿನಲ್ಲಿ ಅವು ಸರಿಯಾಗಿ ಮೂಡುವುದಿಲ್ಲ.

ಅಂದು ದಾಖಲಾದ ಕಲ್ಲುಗಳಲ್ಲಿ ಅನೇಕವು ಇಂದು ಇದ್ದ ಸ್ಥಳದಲ್ಲಿಲ್ಲ. ಜಮೀನನ್ನು ಮಟ್ಟಮಾಡುವಾಗ, ರಸ್ತೆಯನ್ನು ಅಗಲಮಾಡುವಾಗ, ನಿವೇಶನಗಳನ್ನು ವಿಂಗಡಿಸುವಾಗ ಕೆಲವು ಮುರಿದುಹೋದುವು. ಕೆಲವು ಬಟ್ಟೆ ಒಗೆಯುವ ಕಲ್ಲುಗಳಾದುವು, ಕೆಲವು ಚರಂಡಿಗೆ ಚಪ್ಪಡಿಗಳಾದುವು. ಕಲ್ಲಿನ ಕೆಳಗೆ ನಿಧಿಯಿರುವುದೆಂಬ ಹುಸಿ ನಂಬಿಕೆಯಿಂದ ದುರಾಶೆಯುಳ್ಳವರು ಅಗೆದು ಕೆಡವಿದುವೂ ಉಂಟು. ಕಲ್ಲಿನಲ್ಲಿರುವ ನಿಧಿಯೆಂದರೆ ಅದರ ಅಕ್ಷರಗಳೇ ಹೊರತು ಬೇರೆಯಲ್ಲ.

ಈಗ ಇದಕ್ಕೆ ಒಂದು ಉತ್ತಮವಾದ ಸಾಧನವು ದೊರೆತಿದೆ. ಕೈಯಲ್ಲಿ ಹಿಡಿಯುವ ಸ್ಕ್ಯಾನರ್ ಎಂಬ ಉಪಕರಣವು ಕಲ್ಲಿನ ಮೇಲೆ ಬೆಳಕನ್ನು ಚೆಲ್ಲಿ, ಅದರ ಉಬ್ಬುತಗ್ಗುಗಳನ್ನು ಒಂದು ಮಿಲಿಮೀಟರಿಗಿಂತಲೂ ಸೂಕ್ಷ್ಮವಾಗಿ ಅಳೆದು, ಕಂಪ್ಯೂಟರಿನಲ್ಲಿ ಕಲ್ಲಿನ ಪೂರ್ಣಾಕೃತಿಯನ್ನು ರೂಪಿಸುತ್ತದೆ. ಆ ಆಕೃತಿಯನ್ನು ಬೇಕಾದಂತೆ ತಿರುಗಿಸಿ, ಓರೆಯಾಗಿ ಬೆಳಕು ಬೀಳುವಂತೆ ಮಾಡಿದರೆ, ಬರಿಗಣ್ಣಿಗೆ ಕಾಣದ ಅಕ್ಷರಗಳೂ ಎಷ್ಟೋ ವೇಳೆ ಓದಬರುತ್ತವೆ. ಕಲ್ಲನ್ನು ಕೀಳಬೇಕಾಗಿಲ್ಲ, ಸಾಗಿಸಬೇಕಾಗಿಲ್ಲ. 1909ರಲ್ಲಿ ಸ್ಥಾಪಿತವಾದ ಬೆಂಗಳೂರಿನ ಮಿಥಿಕ್ ಸೊಸೈಟಿಯು 2021ರಲ್ಲಿ ಬೆಂಗಳೂರು ಪ್ರದೇಶದ ಶಾಸನಗಳನ್ನು ಈ ಕ್ರಮದಿಂದ ದಾಖಲಿಸುವ ಕಾರ್ಯವನ್ನು ಕೈಗೊಂಡಿತು. ಹೀಗೆ ಸಿದ್ಧವಾದ ಪ್ರತಿಗಳನ್ನು ಅಂತರ್ಜಾಲದಲ್ಲಿ ಇರಿಸುವುದರಿಂದ ದೂರದ ಊರಿನ ವಿದ್ವಾಂಸರೂ ಅದೇ ಗ್ರಾಮದ ಶಾಲಾ ಬಾಲಕರೂ ಅವುಗಳನ್ನು ಸಮನಾಗಿ ನೋಡಬಹುದಾಗಿದೆ.

ಆದರೆ ಉಪಕರಣವು ಎಷ್ಟೇ ಉತ್ತಮವಾದುದಾದರೂ, ಕಲ್ಲು ಇರುವೆಡೆಯನ್ನು ಗ್ರಾಮಸ್ಥರು ತಿಳಿಸದಿದ್ದರೆ ಅದು ನಿಷ್ಪ್ರಯೋಜಕವೇ ಸರಿ. ಗಂಗರ ಶ್ರೀಪುರುಷನ ಕಾಲದ, ಕ್ರಿ. ಶ. ಸುಮಾರು 750ರ ಕಿತ್ತಯ್ಯನ ವೀರಗಲ್ಲು ಬೆಂಗಳೂರಿನ ಹೆಬ್ಬಾಳದಲ್ಲಿ 2018ರಲ್ಲಿ ಬೆಳಕಿಗೆ ಬಂದಿತು. ಅಲ್ಲಿನ ನಿವಾಸಿಗಳೂ ಶಾಸನಾಸಕ್ತರೂ ಗಮನವಿಟ್ಟುದರಿಂದಲೇ ಅದು ಉಳಿಯಿತು.

ಆದಕಾರಣ ಗ್ರಾಮದ ಮುಖಂಡರೂ ಜಮೀನಿನ ಯಜಮಾನರೂ ಈ ಕೆಳಗಿನ ಅಂಶಗಳನ್ನು ಗಮನದಲ್ಲಿಡುವುದು ಮೇಲು:

1. ಬರವಣಿಗೆಯುಳ್ಳ ಕಲ್ಲನ್ನು ಸ್ಥಳದಿಂದ ಕದಲಿಸತಕ್ಕದ್ದಲ್ಲ. ಜೆ.ಸಿ.ಬಿ. ಯಂತ್ರದಿಂದ ಕೆಲಸ ಮಾಡಿಸುವಾಗ ಚಾಲಕನಿಗೆ ಮುಂಚಿತವಾಗಿ ತೋರಿಸತಕ್ಕದ್ದು.

2. ಅಕ್ಷರಗಳಿಗೆ ಸುಣ್ಣ, ಬಣ್ಣ, ಎಣ್ಣೆ, ಸಿಮೆಂಟುಗಳನ್ನು ಬಳಿಯಬಾರದು. ಕಬ್ಬಿಣದಿಂದ ಕೆರೆಯಬಾರದು. ಮೃದುವಾದ ಕುಂಚ ಮತ್ತು ಶುದ್ಧವಾದ ನೀರು ಸಾಕು.

3. ಬೆಳಗಿನ ಅಥವಾ ಸಂಜೆಯ ಓರೆ ಬಿಸಿಲಿನಲ್ಲಿ ಮೊಬೈಲ್ ಫೋನಿನಿಂದ ನಾಲ್ಕೂ ಕಡೆಯ ಚಿತ್ರಗಳನ್ನು ತೆಗೆದು, ಸರ್ವೆ ನಂಬರು ಮತ್ತು ಗ್ರಾಮದ ಹೆಸರಿನೊಡನೆ ಪುರಾತತ್ವ ಇಲಾಖೆಗೆ ಕಳುಹಿಸುವುದು.

4. ಕಲ್ಲಿನ ವಿಷಯವಾಗಿ ವೃದ್ಧರು ಹೇಳುವ ಕಥೆಯನ್ನೂ ಫೋನಿನಲ್ಲಿಯೇ ಧ್ವನಿಮುದ್ರಿಸಿ ಜೊತೆಗಿಡುವುದು.

ದಾನಶಾಸನಗಳ ತಲೆಯಲ್ಲಿ ಸೂರ್ಯಚಂದ್ರರನ್ನು ಕೆತ್ತಿರುವುದು, ಅವರಿರುವವರೆಗೂ ಆ ಧರ್ಮವು ನಡೆಯಲೆಂಬ ಉದ್ದೇಶದಿಂದ. ಡಿಜಿಟಲ್ ಪ್ರತಿಯು ಆ ಉದ್ದೇಶಕ್ಕೆ ಸಹಾಯಕವೇ ಹೊರತು ಮೂಲಶಿಲೆಗೆ ಬದಲಲ್ಲ. ಪ್ರತಿಯಿದೆಯೆಂದು ಕಲ್ಲನ್ನು ಅಲಕ್ಷಿಸುವುದು, ನಕಲು ದೊರೆಯಿತೆಂದು ಮೂಲಪತ್ರವನ್ನು ಸುಟ್ಟಂತೆಯೇ ಸರಿ.