ಮಾಳಿಗೆ ಮೇಲೆ ಬ್ರಹ್ಮಕಮಲ, ಮೊಬೈಲಿನಲ್ಲಿ ಸುಪ್ರೀಂ ಕೋರ್ಟು

ಸೊಲ್ಲಾಪುರ: ಏಪ್ರಿಲ್ ತಿಂಗಳಲ್ಲಿ ಈ ಊರಿನ ಮಾಳಿಗೆ ಮೇಲೆ ಬೆಳಿಗ್ಗೆ ಹತ್ತರ ನಂತರ ಬರಿಗಾಲಿನಲ್ಲಿ ನಿಲ್ಲಲಾಗದು. ಬಿಸಿಲು 43 ಡಿಗ್ರಿ ಮುಟ್ಟುವ ಕಾಲ. ಆದರೆ 2023ರ ಏಪ್ರಿಲ್ 18ರಂದು ಇಲ್ಲಿನ ಹಳೆಯ ಪೇಟೆಯ ಒಂದು ಮನೆಯ ಮಾಳಿಗೆಯಲ್ಲಿ, ಹಸಿರು ನೆರಳಿನ ಬಲೆಯ ಕೆಳಗೆ ಸ್ಟೂಲ್ ಹಾಕಿಕೊಂಡು, ಕುಂಡದ ಅಂಚಿಗೆ ಮೊಬೈಲ್ ಒರಗಿಸಿ ನಿವೃತ್ತ ಶಿಕ್ಷಕಿಯೊಬ್ಬರು ದಿಲ್ಲಿಯ ಸುಪ್ರೀಂ ಕೋರ್ಟ್ ನೋಡುತ್ತ ಕುಳಿತಿದ್ದರು. ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠದ ಮುಂದೆ ಅಂದು ಸಲಿಂಗಿಗಳ ಮದುವೆಗೆ ಕಾನೂನಿನ ಮಾನ್ಯತೆ ಕೇಳಿದ ಅರ್ಜಿಗಳ ವಿಚಾರಣೆ ಶುರುವಾಯಿತು. ಮೇ 11ರವರೆಗೆ ಹತ್ತು ದಿನ ನಡೆದ ವಿಚಾರಣೆಯಲ್ಲಿ ಅವರು ತಪ್ಪಿಸಿದ್ದು ಒಂದೇ ದಿನ. ಅಂದು ನಳ ಬಂದಿತ್ತು.

ಇವರ ಹೆಸರು ಇಲ್ಲಿ ಬರೆಯುವಂತಿಲ್ಲ. ಓಣಿಯ ಹೆಸರೂ ಬೇಡವೆಂದಿದ್ದಾರೆ. ಅಕ್ಕಲಕೋಟ ತಾಲೂಕಿನ ಕನ್ನಡ ಶಾಲೆಯಲ್ಲಿ ಮೂವತ್ತು ವರ್ಷ ಪಾಠ ಹೇಳಿದವರು, ವಯಸ್ಸು ಎಪ್ಪತ್ತರ ಸಮೀಪ, ಯಜಮಾನರು ತೀರಿಕೊಂಡಿದ್ದಾರೆ ಎಂಬಿಷ್ಟು ಸಾಕು. ಒಬ್ಬನೇ ಮಗ ಪುಣೆಯಲ್ಲಿ ನೌಕರಿ. ಮಗನ ಜೊತೆ ಒಂದೇ ಮನೆಯಲ್ಲಿ ಇರುವ ಗೆಳೆಯ ಮರಾಠಿ ಮನೆಯ ಹುಡುಗ. ಬರೀ ಗೆಳೆಯ ಅಲ್ಲ ಎಂಬುದು ತಾಯಿಗೆ ಗೊತ್ತಾಗಿದ್ದು 2018ರಲ್ಲಿ.

ಓಣಿಯವರಿಗೆ ಈ ಮನೆ ಗೊತ್ತಿರುವುದು ಗಿಡಗಳಿಂದ.

ನಾರುವ ಹೂವು, ರಾತ್ರಿಯ ಹೂವು

ಮಾಳಿಗೆ ಮೇಲೆ ತುಳಸಿ, ಮಲ್ಲಿಗೆ ಇವೆ, ಅವು ಯಾರ ಮನೆಯಲ್ಲಿಲ್ಲ? ಜನ ಮೆಟ್ಟಿಲು ಹತ್ತಿ ಬರುವುದು ಉಳಿದವನ್ನು ನೋಡಲು. ಕಾಂಡ ಉಬ್ಬಿ ಆನೆಕಾಲಿನಂತೆ ಕಾಣುವ ಅಡೇನಿಯಂ ಇಪ್ಪತ್ತು ಕುಂಡ ಇವೆ. ಆಫ್ರಿಕಾ, ಅರಬ್ ಸೀಮೆಯ ಒಣನೆಲದ ಗಿಡ ಇದು. ಸೊಲ್ಲಾಪುರದ ಬಿಸಿಲು ಇದಕ್ಕೆ ತವರುಮನೆ ಇದ್ದಂತೆ. ವರ್ಷಗಟ್ಟಲೆ ನಾಲ್ಕೈದು ದಿನಕ್ಕೊಮ್ಮೆ ನಳ ಕಂಡ ಊರಿನಲ್ಲಿ ಗುಲಾಬಿ ಸಾಕಲು ಹೋಗಿ ಸೋತವರು ಇದನ್ನು ನೆಟ್ಟರೆ ನೆಮ್ಮದಿ. ಟೊಂಗೆ ಚುಚ್ಚಿದರೂ ಹತ್ತುತ್ತದೆ, ಆದರೆ ಬುಡ ಚೆಂದ ಉಬ್ಬಬೇಕಾದರೆ ಬೀಜದಿಂದಲೇ ಬೆಳೆಸಬೇಕು. ಮಣ್ಣು ಕಡಿಮೆ, ದಪ್ಪ ಉಸುಕು ಮತ್ತು ಇಟ್ಟಂಗಿ ಚೂರು ಜಾಸ್ತಿ. ನೀರು ನಿಂತರೆ ಬುಡ ಕೊಳೆತು ಒಂದೇ ವಾರದಲ್ಲಿ ಗಿಡ ಹೋಗುತ್ತದೆ. ಇದರ ಹಾಲು ವಿಷ. ಕತ್ತರಿಸಿದ ಕೈಯನ್ನು ಸಾಬೂನು ಹಚ್ಚಿ ತೊಳೆಯಬೇಕು, ಸಣ್ಣ ಹುಡುಗರಿದ್ದ ಮನೆಯಲ್ಲಿ ಎತ್ತರಕ್ಕೆ ಇಡಬೇಕು.

ದಕ್ಷಿಣ ಆಫ್ರಿಕಾ ಕಡೆಯ ಸ್ಟೆಪೀಲಿಯಾ ಇನ್ನೊಂದು ಮೂಲೆಯಲ್ಲಿದೆ. ಐದು ಮೂಲೆಯ ಚುಕ್ಕಿಯಂಥ ಹೂವು, ಊಟದ ತಾಟಿನಷ್ಟು ಅಗಲ. ನೋಡಲು ಸೊಗಸು, ಹತ್ತಿರ ಹೋದರೆ ಸತ್ತ ಇಲಿಯ ವಾಸನೆ! ನೊಣ ಮಾಂಸವೆಂದು ಮೋಸಹೋಗಿ ಬರುತ್ತವೆ, ಮೊಟ್ಟೆ ಸಹ ಇಡುತ್ತವೆ. ಪರಾಗ ಸಾಗಿಸುವ ಕೆಲಸ ಹಾಗೆ ಆಗುತ್ತದೆ. ಮೊದಲ ಸಲ ಅರಳಿದಾಗ ಪಕ್ಕದ ಮನೆಯವರು ಹೆಗ್ಗಣ ಸತ್ತಿದೆಯೆಂದು ಗಟಾರು ತೆಗೆಸಿ ನೋಡಿದ್ದರಂತೆ.

ನೆರಳಿನ ಕಡೆ ಬ್ರಹ್ಮಕಮಲ. ನಮ್ಮ ಕಡೆ ಎಲ್ಲರೂ ಹಾಗೆ ಕರೆದರೂ ನಿಜವಾದ ಬ್ರಹ್ಮಕಮಲ ಹಿಮಾಲಯದ್ದು, ಉತ್ತರಾಖಂಡದ ರಾಜ್ಯಪುಷ್ಪ. ಇಲ್ಲಿನ ಕುಂಡದಲ್ಲಿರುವುದು ಮೆಕ್ಸಿಕೋ ಕಡೆಯ ಕಳ್ಳಿ ಜಾತಿ, ಎಪಿಫಿಲಮ್. ಎಲೆಯಂತೆ ಕಾಣುವುದು ನಿಜದಲ್ಲಿ ಕಾಂಡ. ಅದರ ಒಂದು ತುಂಡನ್ನು ಎರಡು ದಿನ ಒಣಗಿಸಿ ಮಣ್ಣಿಗೆ ಚುಚ್ಚಿದರೆ ಬೇರು ಬಿಡುತ್ತದೆ. ಮಳೆಗಾಲದಲ್ಲಿ ಮೊಗ್ಗು. ಹೊತ್ತು ಮುಳುಗಿದ ಮೇಲೆ ಬಿಚ್ಚಲು ಶುರುವಾಗಿ ನಡುರಾತ್ರಿಗೆ ಪೂರ್ತಿ ಅರಳುತ್ತದೆ, ಬೆಳಗಾಗುವಷ್ಟರಲ್ಲಿ ಜೋತು ಬೀಳುತ್ತದೆ. ಅರಳುವ ರಾತ್ರಿ ಓಣಿಯ ಹೆಂಗಸರು ಆರತಿ ತಟ್ಟೆ ಹಿಡಿದು ಬರುವುದುಂಟು. ಟೀಚರಮ್ಮ ಇದು ಆ ಬ್ರಹ್ಮಕಮಲ ಅಲ್ಲ ಎಂದು ಒಮ್ಮೆ ತಿಳಿಸಿ ಹೇಳಿದ್ದರು, ಯಾರೂ ಕೇಳಲಿಲ್ಲ. ಈಗ ಅವರೇ ಚಹಾ ಮಾಡಿ ಕೊಡುತ್ತಾರೆ.

ಇವೆಲ್ಲಕ್ಕಿಂತ ಅವರು ಜತನದಿಂದ ಇಟ್ಟಿರುವುದು ಒಂದು ಸಣ್ಣ ಕುಂಡವನ್ನು. ಅದರಲ್ಲಿರುವುದು ಫ್ರೇರಿಯಾ ಇಂಡಿಕಾ, ಮರಾಠಿಯಲ್ಲಿ ಶಿಂದಳ ಮಾಕುಡಿ. ಜಗತ್ತಿನಲ್ಲಿ ಮಹಾರಾಷ್ಟ್ರದ ಕೆಲವೇ ಗುಡ್ಡಗಳ ಕಡಿದಾದ ಬಂಡೆಗಳಲ್ಲಿ, ಶಿವನೇರಿ ಕೋಟೆ, ಸಾತಾರಾ ಬಳಿಯ ಸಜ್ಜನಗಡದಂಥ ಕಡೆ ತಾನಾಗಿ ಬೆಳೆಯುವ ಗಿಡ. ಮುಂಬಯಿ ಗವರ್ನರ್ ಆಗಿದ್ದ ಬಾರ್ಟಲ್ ಫ್ರೇರ್ ಸಾಹೇಬನ ಹೆಸರನ್ನು 1860ರ ದಶಕದಲ್ಲಿ ಇದಕ್ಕಿಟ್ಟರು. ಕಂದುಗೆಂಪು ಹೂವಿನ ಮೇಲೆ ಹಳದಿ ಗುರುತು. ಅಳಿವಿನಂಚಿನ ಸಸ್ಯವಾದ ಕಾರಣ ಗುಡ್ಡದಿಂದ ಕಿತ್ತು ತರಬಾರದು. ನರ್ಸರಿಯಲ್ಲಿ ತುಂಡಿನಿಂದ ಬೆಳೆಸಿದ್ದನ್ನೇ ಕೊಳ್ಳಬೇಕು. ಅಳಿಯುತ್ತಿರುವ ಗಿಡವಾದರೂ ಕುಂಡದಲ್ಲಿ ಬಲು ಸುಲಭವಾಗಿ ಹತ್ತುತ್ತದೆ.

ಈ ಕುಂಡವನ್ನು 2019ರ ಶ್ರಾವಣದಲ್ಲಿ ಪುಣೆಯಿಂದ ತೊಡೆಯ ಮೇಲಿಟ್ಟುಕೊಂಡು ತಂದವನು ಆ ಹುಡುಗ.

ನಾಲ್ಕು ತಿಂಗಳ ಮೌನ

2018ರ ಸೆಪ್ಟೆಂಬರ್ 6ರಂದು ಸುಪ್ರೀಂ ಕೋರ್ಟು ದಂಡಸಂಹಿತೆಯ 377ನೇ ಕಲಮಿನಿಂದ, ವಯಸ್ಕರು ಒಪ್ಪಿ ಇಟ್ಟುಕೊಂಡ ಸಂಬಂಧವನ್ನು ಹೊರಗಿಟ್ಟಿತು. 2009ರಲ್ಲಿ ದಿಲ್ಲಿ ಹೈಕೋರ್ಟು ಕೊಟ್ಟಿದ್ದ ಇಂಥದೇ ತೀರ್ಪನ್ನು 2013ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ರದ್ದು ಮಾಡಿತ್ತು. ಐದು ವರ್ಷದ ಮೇಲೆ ಅದೇ ಕೋರ್ಟು ತನ್ನ ತಪ್ಪು ತಿದ್ದಿಕೊಂಡಿತು. ಆ ವಾರವೇ ಮಗ ಊರಿಗೆ ಬಂದು ತಾಯಿಯ ಎದುರು ವಿಷಯ ಹೇಳಿದ.

"ನಾಕ ತಿಂಗಳ ನಾ ಅವನ ಕೂಡ ಸರಿಯಾಗಿ ಮಾತಾಡಲಿಲ್ಲ. ಫೋನ್ ಬಂದ್ರ ಊಟ ಆತೇನು ಅಂತ ಕೇಳಿ ಇಡ್ತಿದ್ದೆ. ಗಿಡಕ್ಕ ನೀರು ಹಾಕೂದು, ಮತ್ತ ಹಾಕೂದು. ಆ ವರ್ಷ ನೀರು ಹೆಚ್ಚಾಗಿ ಆರು ಅಡೇನಿಯಂ ಕೊಳತು ಹೋದ್ವು" ಎನ್ನುತ್ತಾರೆ.

ಮಾತು ಶುರುವಾಗಿದ್ದು ಹೇಗೆ ಎಂದರೆ ಅವರಿಗೂ ಸರಿಯಾಗಿ ನೆನಪಿಲ್ಲ. ಗಿಡ ಕೊಳೆತ ಬಗ್ಗೆಯೇ ಇರಬೇಕು ಎನ್ನುತ್ತಾರೆ. ಪೂರ್ತಿ ಒಪ್ಪಿಕೊಂಡಿದ್ದು ಅದಕ್ಕೂ ತಡವಾಗಿ, ಆಸ್ಪತ್ರೆಯಲ್ಲಿ. 2022ರಲ್ಲಿ ಮಗನಿಗೆ ಪುಣೆಯಲ್ಲಿ ತುರ್ತು ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಕಾಗದದ ಮೇಲೆ ಸಹಿಗೆ ರಕ್ತಸಂಬಂಧಿಕರೇ ಬೇಕೆಂದು ಆಸ್ಪತ್ರೆಯ ಕೌಂಟರಿನಲ್ಲಿ ಹಟ. ರಾತ್ರಿಯೆಲ್ಲ ಪಕ್ಕದಲ್ಲಿ ಕುಳಿತ ಹುಡುಗ ಅವರ ಲೆಕ್ಕದಲ್ಲಿ ಯಾರೂ ಅಲ್ಲ. ತಾಯಿ ಇಲ್ಲಿಂದ 250 ಕಿಲೋಮೀಟರ್ ಗಾಡಿ ಮಾಡಿಕೊಂಡು ಹೋಗಿ ಸಹಿ ಹಾಕಿದರು.

"ಅವತ್ತ ನಾ ಇದ್ದೆ, ಹೋದೆ. ನಾ ಇಲ್ಲದಾಗ ಯಾರು ಸಹಿ ಮಾಡ್ತಾರ? ಅದೊಂದ ಪ್ರಶ್ನೆ ಮನಸಿನಾಗ ಕುಂತದ."

ಅದೇ ವರ್ಷದ ನವೆಂಬರಿನಲ್ಲಿ ಹೈದರಾಬಾದಿನ ಸುಪ್ರಿಯೋ ಚಕ್ರವರ್ತಿ, ಅಭಯ್ ಡಾಂಗ್ ಜೋಡಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದ ಸುದ್ದಿ ಮರಾಠಿ ಪೇಪರಿನಲ್ಲಿ ಬಂತು. ಟೀಚರಮ್ಮ ಕತ್ತರಿಸಿ ಇಟ್ಟುಕೊಂಡರು. ಅಲ್ಲಿಂದ ಆ ಕಡತ ಬೆಳೆಯುತ್ತ ಹೋಯಿತು. ಗಿಡದ ಬೀಜದ ಪಾಕೀಟು ಇಡುವ ಅದೇ ಡಬ್ಬಿಯಲ್ಲಿ ಈಗ ಎರಡೂ ಇವೆ.

ಕೋರ್ಟು ಹೇಳಿದ್ದೇನು?

ಅರ್ಜಿದಾರರ ವಾದ ತೀರಾ ಸರಳ. 1954ರ ವಿಶೇಷ ವಿವಾಹ ಕಾಯ್ದೆ ಜಾತಿ ಧರ್ಮ ನೋಡುವುದಿಲ್ಲ. ಅದರಲ್ಲಿರುವ ಗಂಡು, ಹೆಣ್ಣು ಎಂಬ ಮಾತನ್ನು ಇಬ್ಬರು ವ್ಯಕ್ತಿಗಳು ಎಂದು ಓದಿಕೊಳ್ಳಬೇಕು. ಇದು ಸಂಸತ್ತಿನ ಕೆಲಸ, ಕೋರ್ಟಿನದಲ್ಲ ಎಂದು ಕೇಂದ್ರ ಸರಕಾರ ವಿರೋಧಿಸಿತು. ರಾಜಸ್ಥಾನ, ಆಂಧ್ರ, ಆಸ್ಸಾಂ ಕೂಡ ವಿರೋಧವೆಂದು ತಿಳಿಸಿದವು. ಮಹಾರಾಷ್ಟ್ರ ಹೌದೂ ಅನ್ನಲಿಲ್ಲ, ಇಲ್ಲವೂ ಅನ್ನಲಿಲ್ಲ, ಸಮಯ ಕೇಳಿತು. ಇತ್ತ ಮುಂಬಯಿಯಲ್ಲಿ ಹುಟ್ಟಿದ 'ಸ್ವೀಕಾರ್' ಎಂಬ ಪಾಲಕರ ಬಳಗದ 400ಕ್ಕೂ ಹೆಚ್ಚು ತಂದೆ ತಾಯಿಗಳು, ನಮ್ಮ ಮಕ್ಕಳ ಮದುವೆಯನ್ನು ನಮ್ಮ ಜೀವಮಾನದಲ್ಲೇ ನೋಡುವ ಆಸೆಯಿದೆ ಎಂಬ ಅರ್ಥದ ಪತ್ರವನ್ನು ಮುಖ್ಯ ನ್ಯಾಯಮೂರ್ತಿಗಳಿಗೆ ಬರೆದರು. ಆ ಸುದ್ದಿಯೂ ಡಬ್ಬಿಯಲ್ಲಿದೆ.

ತೀರ್ಪು ಬಂದದ್ದು 2023ರ ಅಕ್ಟೋಬರ್ 17, ಮಂಗಳವಾರ. ನವರಾತ್ರಿಯ ಮೂರನೇ ದಿನ. ಮನೆಯಲ್ಲಿ ಘಟದ ಸುತ್ತ ಹಾಕಿದ ಕಾಳು ಆಗಷ್ಟೇ ಮೊಳಕೆ ಒಡೆದಿದ್ದವು. ಮದುವೆ ಎಂಬುದು ಸಂವಿಧಾನ ಕೊಟ್ಟ ಮೂಲಭೂತ ಹಕ್ಕಲ್ಲ, ಕಾಯ್ದೆಯನ್ನು ತಿದ್ದಿ ಓದಲು ಬರುವುದಿಲ್ಲ ಎಂಬಲ್ಲಿ ಐವರೂ ಒಂದೇ. ಮುಖ್ಯ ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಮತ್ತು ಎಸ್.ಕೆ. ಕೌಲ್, ಇಂಥ ಜೋಡಿಗಳ ಕೂಡುಬಾಳ್ವೆಗಾದರೂ ಸರಕಾರ ಮಾನ್ಯತೆ ಕೊಡಬೇಕೆಂದರು. ಎಸ್. ರವೀಂದ್ರ ಭಟ್, ಹಿಮಾ ಕೊಹ್ಲಿ, ಪಿ.ಎಸ್. ನರಸಿಂಹ ಅದನ್ನೂ ಒಪ್ಪಲಿಲ್ಲ. ಮೂರಕ್ಕೆ ಎರಡು. ಲಿಂಗ ಪರಿವರ್ತಿತರು ಗಂಡು ಹೆಣ್ಣಿನ ಸಂಬಂಧದಲ್ಲಿದ್ದರೆ ಈಗಿನ ಕಾಯ್ದೆಯಲ್ಲೇ ಮದುವೆಯಾಗಬಹುದು ಎಂಬುದಕ್ಕೆ ಮಾತ್ರ ಐವರ ಸಮ್ಮತಿ ಸಿಕ್ಕಿತು.

ಮರುಪರಿಶೀಲನೆ ಅರ್ಜಿಗಳನ್ನು 2025ರ ಜನವರಿ 9ರಂದು ಬೇರೊಂದು ಪೀಠ ತಳ್ಳಿಹಾಕಿತು. ಅದರಲ್ಲಿ ಕನ್ನಡತಿ ಬಿ.ವಿ. ನಾಗರತ್ನ ಅವರೂ ಇದ್ದರು. ಆ ವಾರವೇ ಊರಲ್ಲಿ ಸಿದ್ಧರಾಮೇಶ್ವರ ಜಾತ್ರೆ. ಸೊನ್ನಲಿಗೆಯ ಶರಣ ಸಿದ್ಧರಾಮನನ್ನು ಮದುವೆಯಾಗಲು ಹಟ ಹಿಡಿದ ಕುಂಬಾರ ಕನ್ಯೆಗೆ ಆತ ತನ್ನ ಯೋಗದಂಡವನ್ನು ಕೊಟ್ಟು ಇದರ ಜೊತೆ ಮದುವೆಯಾಗು ಎಂದ ಕಥೆ ಸೊಲ್ಲಾಪುರದ ಮಕ್ಕಳಿಗೂ ಗೊತ್ತು. ಏಳು ನಂದಿಧ್ವಜ ಬರುತ್ತವೆ, ಸಮ್ಮತಿ ಕಟ್ಟೆಯ ಬಳಿ ಸಮ್ಮತಿ ಓದುತ್ತಾರೆ, ಸೇರಿದ ಜನ ಅಕ್ಷತೆ ಹಾಕುತ್ತಾರೆ. ಟೀಚರಮ್ಮ ಆ ವರ್ಷವೂ ಹೋಗಿದ್ದರು.

"ಕೋಲಿಗೆ ಮದುವಿ ಮಾಡಿ ಅಕ್ಕಿಕಾಳು ಒಗದ ಬಂದೀವಿ. ನನ್ನ ಮಗಂದು ಅಂದ್ರ ಊರು ಬಾಯಿ ಬಡ್ಕೋತದ" ಎಂದು ನಗುತ್ತಾರೆ. ನಗು ಬಹಳ ಹೊತ್ತು ಉಳಿಯುವುದಿಲ್ಲ.

ಕಾಗದಪತ್ರದ ದಾರಿ

ಮದುವೆ ಇಲ್ಲದಿದ್ದರೂ ಕೆಲ ಬಾಗಿಲು ಅರ್ಧ ತೆರೆದಿವೆ. ತೀರ್ಪಿನ ನಂತರ ಸಂಪುಟ ಕಾರ್ಯದರ್ಶಿಯ ನೇತೃತ್ವದಲ್ಲಿ ಸಮಿತಿ ಆಯಿತು. 2024ರ ಆಗಸ್ಟ್‌ನಲ್ಲಿ ಹಣಕಾಸು ಸಚಿವಾಲಯ, ಇಂಥವರು ಬ್ಯಾಂಕಿನಲ್ಲಿ ಜಂಟಿ ಖಾತೆ ತೆರೆಯಲು, ಜೊತೆಗಾರರನ್ನು ನಾಮಿನಿ ಮಾಡಲು ಅಡ್ಡಿಯಿಲ್ಲ ಎಂದು ಸ್ಪಷ್ಟಪಡಿಸಿತು. ಒಂದೇ ರೇಷನ್ ಕಾರ್ಡಿನಲ್ಲಿ ಸೇರಿಸಬೇಕೆಂದು ಆಹಾರ ಇಲಾಖೆ, ಹತ್ತಿರದ ಬಂಧುಗಳು ಇಲ್ಲದಾಗ ಜೊತೆಗಾರರಿಗೆ ಶವ ಕೊಡಬೇಕೆಂದು ಆರೋಗ್ಯ ಇಲಾಖೆ ರಾಜ್ಯಗಳಿಗೆ ಬರೆದವು. 2025ರ ಮೇನಲ್ಲಿ ಮದ್ರಾಸ್ ಹೈಕೋರ್ಟು ಇಬ್ಬರು ಯುವತಿಯರ ಪ್ರಕರಣದಲ್ಲಿ, ಕುಟುಂಬ ಕಟ್ಟಲು ಮದುವೆಯೊಂದೇ ದಾರಿಯಲ್ಲ ಎಂದಿತು.

ನಾಮಿನಿ ಮಾಡಿದರೆ ಎಲ್ಲ ಮುಗಿಯಿತು ಎಂದು ತಿಳಿದವರೇ ಹೆಚ್ಚು. ಅದು ತಪ್ಪು. ಬ್ಯಾಂಕಿನ ನಾಮಿನಿ ಹಣ ಪಡೆಯುವವನು ಮಾತ್ರ, ಹಕ್ಕು ವಾರಸುದಾರರದೇ. ವಿಮೆಯಲ್ಲಿ 2015ರ ತಿದ್ದುಪಡಿಯ ಪ್ರಕಾರ ಹಣ ಪೂರ್ತಿ ನಾಮಿನಿಯದೇ ಆಗುವುದು ತಂದೆ ತಾಯಿ, ಗಂಡ ಹೆಂಡತಿ, ಮಕ್ಕಳನ್ನು ನಾಮಿನಿ ಮಾಡಿದಾಗ. ಜೊತೆಗಾರ ಆ ಪಟ್ಟಿಯಲ್ಲಿ ಇಲ್ಲ. ಇನ್ನು 1956ರ ಹಿಂದೂ ವಾರಸಾ ಕಾಯ್ದೆ. ಮದುವೆಯಾಗದ ಮಗ ಮೃತ್ಯುಪತ್ರ ಬರೆಯದೆ ತೀರಿಕೊಂಡರೆ ಆಸ್ತಿ ತಾಯಿಗೆ. ತಾಯಿಯೂ ಇಲ್ಲ, ಒಡಹುಟ್ಟಿದವರೂ ಇಲ್ಲ ಎಂದಾದರೆ ಸಾಲು ಕಾಕಾನವರೆಗೆ ಹೋಗುತ್ತದೆ. ಹತ್ತು ವರ್ಷ ಜೊತೆಗೆ ಬಾಳಿದವನಿಗೆ ಚಮಚವೂ ಇಲ್ಲ.

ಈ ಮನೆಯಲ್ಲಿ ಕಾಕಾ ಇದ್ದಾರೆ. 2019ರಿಂದ ಅವರು ಮೆಟ್ಟಿಲು ಹತ್ತಿಲ್ಲ.

ಹಾಗಾಗಿ ಕಳೆದ ದೀಪಾವಳಿಗೆ ಮಗ ಬಂದಾಗ ತಾಯಿಯೇ ಇಬ್ಬರನ್ನೂ ವಕೀಲರ ಹತ್ತಿರ ಕರೆದೊಯ್ದರು. ಮೃತ್ಯುಪತ್ರಕ್ಕೆ ಸ್ಟಾಂಪ್ ಪೇಪರ್ ಬೇಡ. ಇಬ್ಬರು ಸಾಕ್ಷಿದಾರರ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ. ಆದರೂ ನೋಂದಣಿ ಮಾಡಿಸಿದರೆ ಮುಂದೆ ತಕರಾರು ಬಂದಾಗ ಗಟ್ಟಿ. ಮಗ ಹುಡುಗನಿಗೆ, ಹುಡುಗ ಮಗನಿಗೆ ಬರೆದಿದ್ದಾರೆ. ಹೊಲದ ವಿಷಯ ಮಾತ್ರ ಉಳಿದಿದೆ. ಸಾತಬಾರಾ ಉತಾರೆಯಲ್ಲಿ ಇನ್ನೂ ತೀರಿಹೋದ ಯಜಮಾನರ ಹೆಸರಿದೆ, ಕಾಕಾನ ಹೆಸರೂ ಜೊತೆಗಿದೆ. ರೈತನಲ್ಲದವನ ಕೈಗೆ ಹೊಲ ಹೋಗುವುದಕ್ಕೆ ಮಹಾರಾಷ್ಟ್ರದ ಕೂಳ ಕಾಯ್ದೆಯಲ್ಲಿ ತೊಡಕುಗಳಿವೆ. ವಕೀಲರು ಕಾಗದ ತರಿಸಿ ನೋಡೋಣ ಎಂದಿದ್ದಾರೆ.

ಹುಡುಗನನ್ನು ಏನೆಂದು ಕರೆಯುವುದು ಎಂಬುದೂ ಇನ್ನೂ ತೀರ್ಮಾನವಾಗಿಲ್ಲ. ಅಳಿಯ ಅನ್ನಲು ಬರುವುದಿಲ್ಲ, ಸೊಸೆ ಅಂತೂ ಅಲ್ಲವೇ ಅಲ್ಲ. ಮರಾಠಿಯಲ್ಲೂ ಶಬ್ದ ಸಿಕ್ಕಿಲ್ಲ. ಸದ್ಯ ಹೆಸರು ಹಿಡಿದೇ ಕರೆಯುತ್ತಾರೆ. ಅವನು ಮಾತ್ರ ಮೊದಲ ದಿನದಿಂದ 'ಅವ್ವ' ಎಂದೇ ಕನ್ನಡದಲ್ಲಿ ಕೂಗುತ್ತಾನೆ. ಅವನಿಗೆ ಬರುವ ಕನ್ನಡ ಅದೊಂದು ಮತ್ತು 'ನೀರು ಬ್ಯಾಡ' ಎಂಬುದು. ಎರಡನೆಯದು ಅಡೇನಿಯಂ ಬಗ್ಗೆ ಫೋನಿನಲ್ಲಿ ಕೇಳಿ ಕೇಳಿ ಕಲಿತದ್ದು.

ಫ್ರೇರಿಯಾದ ಕುಂಡದಿಂದ ಇದುವರೆಗೆ ಒಂಬತ್ತು ತುಂಡು ಬೇರೆ ಕುಂಡಗಳಿಗೆ ಹೋಗಿವೆ. ಎರಡು ಪುಣೆಯ ಬಾಲ್ಕನಿಯಲ್ಲಿವೆ. ಒಂದನ್ನು ಟೀಚರಮ್ಮ ಕಾಕಾನ ಮನೆಗೆ ಓಣಿಯ ಹುಡುಗನ ಕೈಯಲ್ಲಿ ಕಳಿಸಿದ್ದರು. ವಾಪಸು ಬಂದಿಲ್ಲ.