ಒಂಟೆಗೆ ಬೇಕಾದದ್ದು ಒಣ ಗಾಳಿ

ಬೇಸಿಗೆ ರಜೆಯಲ್ಲಿ ಹುಮನಾಬಾದ್, ಬಸವಕಲ್ಯಾಣದ ಕಡೆಯಿಂದ ಸಮುದ್ರ ನೋಡಲು ಹೊರಟ ಕುಟುಂಬಗಳು ರಾತ್ರಿಯೆಲ್ಲ ಪ್ರಯಾಣ ಮಾಡಿ ಕರಾವಳಿ ತಲುಪುತ್ತವೆ. ಮಲ್ಪೆಯಲ್ಲೋ ಪಣಂಬೂರಿನಲ್ಲೋ ಅಲೆಗಳಿಗೆ ಕಾಲೊಡ್ಡಿ, ಚುರುಮುರಿ ತಿಂದು ಮುಗಿಯುವಷ್ಟರಲ್ಲಿ ಮಕ್ಕಳ ಕಣ್ಣಿಗೆ ಒಂಟೆ ಬೀಳುತ್ತದೆ. ಕೊರಳಿಗೆ ಗೆಜ್ಜೆ, ಬೆನ್ನಿಗೆ ಬಣ್ಣದ ಜೂಲು, ಪಕ್ಕದಲ್ಲಿ ಹಗ್ಗ ಹಿಡಿದು ನಡೆಯುವ ಒಂಟೆಯವನು. ದರ ಮಾತಾಡಿ, ಮಕ್ಕಳನ್ನು ಹತ್ತಿಸಿ, ಫೋಟೊ ತೆಗೆದರೆ ಸವಾರಿ ಮುಗಿಯಿತು. ಸುತ್ತಲೂ ಮರಳಿರುವುದರಿಂದ ಒಂಟೆಗೆ ಇದು ತವರಿನಂಥ ಜಾಗವೇ ಇರಬೇಕು ಎಂದು ನೋಡಿದವರಿಗೆ ಅನಿಸುತ್ತದೆ. ಅದರ ಮೈ ಹೇಗೆ ಕೆಲಸ ಮಾಡುತ್ತದೆಂದು ತಿಳಿದಮೇಲೆ ಆ ಅನಿಸಿಕೆ ನಿಲ್ಲುವುದಿಲ್ಲ. ಒಂಟೆಯ ಮೈಯಲ್ಲಿರುವ ಜಾಣ್ಮೆಯ ಬಹುಪಾಲು ಒಣ ಗಾಳಿಗೆ ಒಗ್ಗಿದ್ದು. ಆ ಗಾಳಿ ಕಡಲ ದಡದಲ್ಲಿ ಸಿಗುವುದಿಲ್ಲ. ಸವಾರರು ಬಿಟ್ಟು ಬಂದ ಬೀದರ್ ಜಿಲ್ಲೆಯ ಬೇಸಿಗೆಯಲ್ಲಿ ಅದು ಧಾರಾಳವಾಗಿದೆ.

ಮೊದಲು ಸವಾರಿಯನ್ನೇ ನೋಡೋಣ. ಕೂತ ಒಂಟೆ ಏಳುವಾಗ ಒಂಟೆಯವನು ‘ಹಿಂದಕ್ಕೆ ವಾಲಿ, ಗಟ್ಟಿ ಹಿಡೀರಿ’ ಎಂದು ಕೂಗುತ್ತಾನೆ. ಅದಕ್ಕೆ ಕಾರಣವಿದೆ. ಒಂಟೆ ಮುಂಗಾಲಿನ ಮಂಡಿಯೂರಿಕೊಂಡೇ ಹಿಂಗಾಲುಗಳನ್ನು ಮೊದಲು ನೆಟ್ಟಗೆ ಮಾಡುತ್ತದೆ. ಆಗ ಸವಾರ ಮುಂದಕ್ಕೆ ಮುಗ್ಗರಿಸುತ್ತಾನೆ. ಆಮೇಲೆ ಮುಂಗಾಲುಗಳು ಎದ್ದಾಗ ಹಿಂದಕ್ಕೆ ಜೋಲುತ್ತಾನೆ. ಕೊಟ್ಟಿಗೆಯಲ್ಲಿ ದೇವಣಿ ಎತ್ತು ಏಳುವುದನ್ನು ಕಂಡ ನಮ್ಮ ಕಡೆಯ ರೈತರಿಗೆ ಇದು ಹೊಸತಲ್ಲ. ಎತ್ತೂ ಹಿಂಭಾಗವನ್ನೇ ಮೊದಲು ಎತ್ತುತ್ತದೆ. ಆದರೆ ಒಂಟೆಯ ಕಾಲು ಉದ್ದ, ಬೆನ್ನು ಆಳಿನೆತ್ತರ. ಹಾಗಾಗಿ ಅದೇ ಚಲನೆ ಮೇಲೆ ಕೂತವರಿಗೆ ದೊಡ್ಡ ಓಲಾಟವಾಗುತ್ತದೆ. ಕೂರುವಾಗ ಮುಂಗಾಲು ಮೊದಲು ಮಡಿಸುವುದರಿಂದ ಆಗಲೂ ಮೊದಲ ಜೋಲಿ ಮುಂದಕ್ಕೇ. ಎರಡೂ ಸಲ ಹಿಂದಕ್ಕೆ ವಾಲಿದವರು ಸುರಕ್ಷಿತ.

ನಡೆಯತೊಡಗಿದ ಮೇಲೆ ಓಲಾಟ ಎಡಕ್ಕೂ ಬಲಕ್ಕೂ ತಿರುಗುತ್ತದೆ. ಒಂಟೆ ಒಂದು ಪಕ್ಕದ ಮುಂಗಾಲು ಹಿಂಗಾಲುಗಳನ್ನು ಹೆಚ್ಚುಕಡಿಮೆ ಒಟ್ಟಿಗೇ ಮುಂದಿಡುತ್ತದೆ, ಬಳಿಕ ಇನ್ನೊಂದು ಪಕ್ಕದವನ್ನು. ಉದ್ದ ಕಾಲುಗಳು ಒಂದಕ್ಕೊಂದು ತಾಗದಂತೆ ದೊಡ್ಡ ಹೆಜ್ಜೆ ಹಾಕಲು ಈ ನಡಿಗೆ ಅನುಕೂಲ. ಪಾದಕ್ಕೆ ಕುದುರೆಯಂತೆ ಗಟ್ಟಿ ಗೊರಸಿಲ್ಲ. ಎರಡು ಬೆರಳು, ತುದಿಯಲ್ಲಿ ಉಗುರು, ಅಡಿಯಲ್ಲಿ ಕೊಬ್ಬು ತುಂಬಿದ ಅಗಲವಾದ ಮೆತ್ತನೆಯ ಅಂಗಾಲು. ಭಾರ ಬಿದ್ದಾಗ ಅದು ಹರಡಿಕೊಳ್ಳುತ್ತದೆ, ಮರಳಿನಲ್ಲಿ ಹೂತುಹೋಗುವುದಿಲ್ಲ. ಮರಳಿಗೂ ಒಂಟೆಗೂ ಇರುವ ನಿಜವಾದ ನಂಟು ಈ ಅಂಗಾಲಿನಲ್ಲಿದೆ. ಧೂಳು ಎದ್ದಾಗ ಮುಚ್ಚಿಕೊಳ್ಳುವ ಮೂಗಿನ ಹೊಳ್ಳೆ, ಎರಡು ಸಾಲು ರೆಪ್ಪೆಗೂದಲುಗಳನ್ನೂ ಅದರ ಜತೆಗೆ ಸೇರಿಸಬಹುದು. ಇದೇ ಅಂಗಾಲು ಕೆಸರಿನಲ್ಲಿ ಕೈಕೊಡುತ್ತದೆ. ಮಳೆ ಬಿದ್ದ ಎರೆಹೊಲದಲ್ಲಿ ಒಂಟೆ ಜಾರಿದರೆ ಕಾಲುಗಳು ಎರಡೂ ಕಡೆಗೆ ಚಾಚಿಕೊಂಡು, ಅದು ಮತ್ತೆ ಏಳಲಾರದಂತೆ ಪೆಟ್ಟಾಗುವುದುಂಟು.

ಇನ್ನು ಡುಬ್ಬ. ಅದರಲ್ಲಿ ನೀರಿಲ್ಲ, ಮೂಳೆಯೂ ಇಲ್ಲ, ಇರುವುದು ಕೊಬ್ಬು. ಮೇವು ಸಿಗದ ದಿನಗಳಲ್ಲಿ ಕರಗಿ ಶಕ್ತಿ ಕೊಡುತ್ತದೆ. ಹಸಿದ ಒಂಟೆಯ ಡುಬ್ಬ ಸೊರಗಿ ಒಂದು ಪಕ್ಕಕ್ಕೆ ಜೋತುಬೀಳುತ್ತದೆ. ಕೊಬ್ಬು ಕರಗಿದಾಗ ನೀರೂ ಹುಟ್ಟುತ್ತದೆ ನಿಜ, ಆದರೆ ಅದನ್ನು ಕರಗಿಸಲು ಬೇಕಾದ ಆಮ್ಲಜನಕಕ್ಕಾಗಿ ಉಸಿರಾಡುವಾಗ ಅಷ್ಟೇ ನೀರು ಉಸಿರಿನೊಂದಿಗೆ ಹೊರಟುಹೋಗುತ್ತದೆ. ಕೊಬ್ಬು ಒಂದೇ ಕಡೆ ಕೂಡಿರುವುದರ ಲಾಭ ಬೇರೆ: ಉಳಿದ ಮೈಗೆ ಕೊಬ್ಬಿನ ಹೊದಿಕೆ ಇಲ್ಲದ್ದರಿಂದ ಒಳಗಿನ ಕಾವು ಸುಲಭವಾಗಿ ಹೊರಬೀಳುತ್ತದೆ.

ಹಾಗಾದರೆ ನೀರಿನ ಗುಟ್ಟು ಎಲ್ಲಿದೆ? ಬೀದರಿನ ನೌಬಾದ್ ಬಳಿ ಬಹಮನಿ ಸುಲ್ತಾನರ ಕಾಲದ ಕರೇಜ್ ಇದೆ. ಪರ್ಷಿಯಾದ ತಂತ್ರವನ್ನು ಅನುಸರಿಸಿ, ಕೆಮ್ಮಣ್ಣು ಕಲ್ಲಿನ ಅಡಿಯಲ್ಲಿ ಸುರಂಗ ಕೊರೆದು, ಅಂತರ್ಜಲವನ್ನು ಬಿಸಿಲಿಗೆ ತೋರಿಸದೆ ಊರಿಗೆ ಹರಿಸಿದ ವ್ಯವಸ್ಥೆ ಅದು. ಅಲ್ಲಿನ ಜಾಣತನ ನೀರನ್ನು ಹೆಚ್ಚು ಕೂಡಿಡುವುದರಲ್ಲಿಲ್ಲ; ದಾರಿಯಲ್ಲಿ ಆವಿಯಾಗಿ ಹೋಗುವುದನ್ನು ತಡೆಯುವುದರಲ್ಲಿದೆ. ಒಂಟೆಯ ಮೈಯೂ ಇದೇ ನೀತಿಯದು. ಎಲ್ಲಿಂದ ನೀರು ಸೋರಬಹುದೋ ಅಲ್ಲೆಲ್ಲ ಅದು ಕಾವಲಿಟ್ಟಿದೆ.

ಇದನ್ನು ಅಳೆದು ತೋರಿಸಿದವರಲ್ಲಿ ಮುಖ್ಯರು ನಾರ್ವೆಯಲ್ಲಿ ಹುಟ್ಟಿ ಅಮೆರಿಕದಲ್ಲಿ ನೆಲೆಸಿದ ಶರೀರವಿಜ್ಞಾನಿ ಕ್ನೂಟ್ ಷ್ಮಿಟ್ ನೀಲ್ಸನ್. 1950ರ ದಶಕದಲ್ಲಿ ಅವರು ಸಹಾರಾದ ಅಂಚಿನಲ್ಲಿರುವ ಅಲ್ಜೀರಿಯದ ಬೆನಿ ಅಬ್ಬೆಸ್ ಎಂಬಲ್ಲಿ ಬೀಡುಬಿಟ್ಟು ಒಂಟೆಗಳ ತೂಕ, ಉಷ್ಣತೆ, ನೀರು ಎಲ್ಲವನ್ನೂ ಲೆಕ್ಕವಿಟ್ಟರು. ಮನುಷ್ಯನ ಮೈ 37 ಡಿಗ್ರಿ ಸೆಲ್ಸಿಯಸ್ ಬಿಟ್ಟು ಕದಲಲು ಒಪ್ಪುವುದಿಲ್ಲ. ಒಂದೆರಡು ಡಿಗ್ರಿ ಏರಿದರೆ ಜ್ವರ ಎನ್ನುತ್ತೇವೆ. ನೀರು ಸಿಗದ ಒಂಟೆಯ ಮೈ ನಸುಕಿನಲ್ಲಿ 34 ಡಿಗ್ರಿಗೆ ಇಳಿದು, ಸಂಜೆಯ ಹೊತ್ತಿಗೆ 40 ದಾಟುತ್ತದೆ. ಹಗಲಿನ ಕಾವನ್ನು ಬೆವರು ಸುರಿಸಿ ಕಳೆಯುವ ಬದಲು ಮೈಯಲ್ಲೇ ಇಟ್ಟುಕೊಂಡು, ರಾತ್ರಿ ತಂಪಾದಾಗ ಗಾಳಿಗೆ ಬಿಟ್ಟುಕೊಡುತ್ತದೆ. 500 ಕಿಲೋ ತೂಗುವ ಒಂಟೆ ಹೀಗೆ 6 ಡಿಗ್ರಿ ಏರಲು ಬಿಟ್ಟರೆ ದಿನಕ್ಕೆ ನಾಲ್ಕೈದು ಲೀಟರ್ ಬೆವರು ಉಳಿಯುತ್ತದೆ. ದಿನವೂ ನೀರು ಕುಡಿಯುವ ಒಂಟೆಯಲ್ಲಿ ಈ ಏರಿಳಿತ ಎರಡು ಡಿಗ್ರಿಯಷ್ಟೇ. ಎಂದರೆ ಬರದಲ್ಲಿ ಮಾತ್ರ ಅದು ಈ ಬಿಗಿ ಹಿಡಿತಕ್ಕೆ ಇಳಿಯುತ್ತದೆ. ಷ್ಮಿಟ್ ನೀಲ್ಸನ್ ಒಂದು ಒಂಟೆಯ ಕೂದಲು ಬೋಳಿಸಿಯೂ ನೋಡಿದರು. ಬೋಳಾದ ಒಂಟೆಯ ಬೆವರು ಶೇಕಡಾ 50ರಷ್ಟು ಹೆಚ್ಚಿತು. ಬಿಸಿಲಿನಲ್ಲಿ ಅದಕ್ಕೆ ಹೊರೆಯಾಗಿ ಕಾಣುವ ಉಣ್ಣೆಯೇ ಬಿಸಿಲನ್ನು ಹೊರಗೆ ತಡೆದಿಡುತ್ತದೆ.

ಮೂಗಿನಲ್ಲಿ ಇನ್ನೊಂದು ಕಾವಲಿದೆ. ನಾವು ಬಿಡುವ ಉಸಿರು ಬಿಸಿ, ತೇವ ತುಂಬಿದ್ದು. ಚಳಿಯಲ್ಲಿ ಅದು ಬಿಳಿ ಹೊಗೆಯಾಗಿ ಕಾಣುತ್ತದೆ. ಒಂಟೆಯ ಮೂಗಿನೊಳಗೆ ಸುರುಳಿ ಸುರುಳಿಯಾದ ತೆಳು ಮೂಳೆಗಳಿವೆ, ಅವುಗಳ ಮೇಲೆ ತೇವದ ಪೊರೆಯಿದೆ. ಒಳಗೆ ಎಳೆದ ರಾತ್ರಿಯ ತಂಪು ಒಣಗಾಳಿ ಆ ಪೊರೆಯನ್ನು ತಂಪಾಗಿಸಿ ಒಣಗಿಸುತ್ತದೆ. ಉಸಿರು ಹೊರಬರುವಾಗ ಅದರ ತೇವವನ್ನು ಅದೇ ಪೊರೆ ಮರಳಿ ಹೀರಿಕೊಳ್ಳುತ್ತದೆ. ಉಸಿರಿನಲ್ಲಿ ಹೋಗಬೇಕಾದ ನೀರಿನಲ್ಲಿ ಅರ್ಧಕ್ಕಿಂತ ಹೆಚ್ಚು ಹೀಗೆ ಉಳಿಯುತ್ತದೆ. ಮೂತ್ರ ಕಡಿಮೆ, ಬಲು ಗಟ್ಟಿ. ಲದ್ದಿ ಎಷ್ಟು ಒಣಗಿರುತ್ತದೆಂದರೆ ಬೇಗನೆ ಒಲೆಗೆ ಹಾಕಿ ಉರಿಸಬಹುದು.

ಇಷ್ಟಾಗಿಯೂ ನೀರು ಕಡಿಮೆಯಾದರೆ ಒಂಟೆ ತನ್ನ ತೂಕದ ಕಾಲುಭಾಗದಷ್ಟನ್ನು ಕಳೆದುಕೊಂಡೂ ಬದುಕುತ್ತದೆ. ಬಿಸಿಲಿನಲ್ಲಿ ಮನುಷ್ಯ ಅದರ ಅರ್ಧದಷ್ಟು ಕಳೆದುಕೊಳ್ಳುವ ಹೊತ್ತಿಗೇ ರಕ್ತ ಮಂದವಾಗಿ, ಕಾವನ್ನು ಚರ್ಮದವರೆಗೆ ಒಯ್ಯಲಾರದೆ ಸಾಯುತ್ತಾನೆ. ಒಂಟೆ ರಕ್ತದ ದ್ರವವನ್ನು ಆದಷ್ಟು ಉಳಿಸಿಕೊಂಡು ಮೈಯ ಬೇರೆ ಭಾಗಗಳಿಂದ ನೀರು ಖರ್ಚು ಮಾಡುತ್ತದೆ. ನೀರು ಸಿಕ್ಕಿತೋ, ಹತ್ತು ಹದಿನೈದು ನಿಮಿಷದಲ್ಲಿ ನೂರು ಲೀಟರ್ ಹೀರಬಲ್ಲದು. ಬೇರೆ ಪ್ರಾಣಿಗಳಲ್ಲಿ ಇಷ್ಟು ನೀರು ಒಮ್ಮೆಗೇ ರಕ್ತ ಸೇರಿದರೆ ಕೆಂಪು ರಕ್ತಕಣಗಳು ಒಡೆಯುತ್ತವೆ. ಒಂಟೆಯ ರಕ್ತಕಣ ಅಂಡಾಕಾರದ್ದು. ತನ್ನ ಗಾತ್ರದ ಎರಡು ಪಟ್ಟಿಗಿಂತ ಹೆಚ್ಚು ಉಬ್ಬಿದರೂ ಒಡೆಯುವುದಿಲ್ಲ.

ಮರಳಿಗೂ ಒಂಟೆಗೂ ಬಿಡಿಸಲಾರದ ಗಂಟಿದೆ ಎನ್ನುವವರು ಅದರ ವಂಶದ ಕಥೆಯನ್ನೂ ಕೇಳಬೇಕು. ಒಂಟೆಯ ಕುಲ ಹುಟ್ಟಿದ್ದು ಉತ್ತರ ಅಮೆರಿಕದಲ್ಲಿ, 4 ಕೋಟಿ ವರ್ಷಗಳಿಗೂ ಹಿಂದೆ. ಕೆನಡಾದ ಉತ್ತರ ತುದಿಯ ಎಲ್ಸ್‌ಮಿಯರ್ ದ್ವೀಪದಲ್ಲಿ ಸುಮಾರು 35 ಲಕ್ಷ ವರ್ಷ ಹಳೆಯ ದೈತ್ಯ ಒಂಟೆಯ ಮೂಳೆ ಸಿಕ್ಕ ಸುದ್ದಿ 2013ರಲ್ಲಿ ಪ್ರಕಟವಾಯಿತು. ಆಗ ಅಲ್ಲಿ ಕಾಡಿತ್ತು, ತಿಂಗಳುಗಟ್ಟಲೆ ಕತ್ತಲೆಯ ಚಳಿಗಾಲವಿತ್ತು. ಕೊಬ್ಬಿನ ಡುಬ್ಬವೂ ಅಗಲ ಪಾದವೂ ಮೊದಲು ಹಿಮದ ನಾಡಿನಲ್ಲೇ ಉಪಯೋಗಕ್ಕೆ ಬಂದಿರಬಹುದು ಎಂಬುದು ಆ ಮೂಳೆಯನ್ನು ಪರಿಶೀಲಿಸಿದ ವಿಜ್ಞಾನಿಗಳ ಊಹೆ. ಅಲ್ಲಿಂದ ಏಷ್ಯಾಕ್ಕೆ ದಾಟಿ, ಕಡೆಗೆ ಅರೇಬಿಯದಲ್ಲಿ ಸುಮಾರು 3000 ವರ್ಷಗಳ ಹಿಂದೆ ಒಂದು ಡುಬ್ಬದ ಒಂಟೆ ಮನುಷ್ಯರ ಸಾಕುಪ್ರಾಣಿಯಾಯಿತು. ದಖ್ಖಣಕ್ಕೂ ಅದು ಹೊಸ ಅತಿಥಿಯಲ್ಲ. ಹಂಪಿಯ ಮಹಾನವಮಿ ದಿಬ್ಬದ ಕಲ್ಲುಗಳಲ್ಲಿ ಒಂಟೆಗಳ ಸಾಲಿದೆ. ಬಹಮನಿ ಸೈನ್ಯದ ಸಾಮಾನುಗಳನ್ನೂ ಅವು ಹೊತ್ತಿವೆ.

ಈಗ ಕಡಲ ದಡಕ್ಕೆ ಬರೋಣ. ಮೇ ತಿಂಗಳಲ್ಲಿ ಬೀದರ್ ಜಿಲ್ಲೆಯ ಹಗಲು 40 ಡಿಗ್ರಿಯ ಹತ್ತಿರ ಹೋದರೂ ರಾತ್ರಿ 25ರ ಆಸುಪಾಸಿಗೆ ಇಳಿಯುತ್ತದೆ. ಅಂಗಳದಲ್ಲಿ ಒಣಹಾಕಿದ ಬಟ್ಟೆ ಗಂಟೆಯೊಳಗೆ ಗರಿಗರಿಯಾಗುವ ಗಾಳಿ ಅದು. ಬೆವರು ಚರ್ಮದ ಮೇಲೆ ಬಂದ ಕೂಡಲೇ ಆವಿಯಾಗಿ ಮೈ ತಂಪಾಗುತ್ತದೆ. ಕರಾವಳಿಯಲ್ಲಿ ಹಗಲು 33ರ ಸುಮಾರು, ರಾತ್ರಿ 26ರ ಸುಮಾರು, ನೋಡಲು ಸೌಮ್ಯ. ಆದರೆ ಗಾಳಿ ಆಗಲೇ ತೇವ ಕುಡಿದು ತುಂಬಿದೆ, ಬೆವರನ್ನು ಹೀರಿಕೊಳ್ಳಲು ಅದರಲ್ಲಿ ಜಾಗ ಕಡಿಮೆ. ಹುಮನಾಬಾದಿನ ಪ್ರವಾಸಿಗರಿಗೆ ಮಲ್ಪೆಯಲ್ಲಿ ಅಂಗಿ ಮೈಗೆ ಅಂಟಿ ಆಗುವ ಕಸಿವಿಸಿಯೇ ಒಂಟೆಗೂ ಆಗುತ್ತದೆ. ರಾತ್ರಿಯೂ ಗಾಳಿ ಅಷ್ಟಾಗಿ ತಂಪಾಗದ್ದರಿಂದ ಹಗಲಿನ ಕಾವು ಹೊರಹೋಗುವುದು ನಿಧಾನ. ಮೂಗಿನ ಪೊರೆಗೆ ಒಣಗಲು ಒಣಗಾಳಿಯೇ ಇಲ್ಲ. ಅಂಗಾಲಿಗೆ ಬೇಕಾದ ಮರಳು ಸಿಕ್ಕಿತು, ಉಳಿದ ಮೈಗೆ ಬೇಕಾದ ಗಾಳಿ ಸಿಗಲಿಲ್ಲ.

ಮಳೆಯ ಲೆಕ್ಕ ಇದನ್ನು ಇನ್ನೂ ಸ್ಪಷ್ಟಪಡಿಸುತ್ತದೆ. ಒಂಟೆಗಳ ನಾಡಾದ ರಾಜಸ್ಥಾನದ ಬಿಕಾನೇರಿನಲ್ಲಿ ವರ್ಷಕ್ಕೆ ಬೀಳುವುದು 300 ಮಿಲಿಮೀಟರಿನೊಳಗೆ. ಬೀದರಿನಲ್ಲಿ 850ರ ಸುಮಾರು. ಉಡುಪಿಯಲ್ಲಿ 4000ದ ಆಸುಪಾಸು. ತೇವ ಇದ್ದಲ್ಲಿ ಕಜ್ಜಿ, ಅಂಗಾಲಿನ ಹುಣ್ಣು, ಕಚ್ಚುವ ನೊಣಗಳು ಹೆಚ್ಚು. ಜಾನುವಾರುಗಳ ರಕ್ತ ಹೀರುವ ದೊಡ್ಡ ನೊಣಗಳು ಒಂಟೆಗೆ ‘ಸರ್ರಾ’ ಎಂಬ ರೋಗ ಹರಡುತ್ತವೆ. ಜ್ವರ ಬಂದು ಹೋಗುತ್ತಾ, ರಕ್ತ ಕಡಿಮೆಯಾಗುತ್ತಾ, ಡುಬ್ಬ ಕರಗುತ್ತಾ ಪ್ರಾಣಿ ಸೊರಗುತ್ತದೆ. ಇದಕ್ಕೆ ಕಾರಣವಾದ ಸೂಕ್ಷ್ಮಜೀವಿಯನ್ನು ಪಶುವೈದ್ಯ ಗ್ರಿಫಿತ್ ಇವಾನ್ಸ್ 1880ರಲ್ಲಿ ಅಂದಿನ ಪಂಜಾಬಿನ ಡೇರಾ ಇಸ್ಮಾಯಿಲ್ ಖಾನ್‌ನಲ್ಲಿ ಕುದುರೆ, ಒಂಟೆಗಳ ರಕ್ತದಲ್ಲಿ ಕಂಡರು. ಮಳೆಗಾಲದಲ್ಲಿ ನೊಣ ಹೆಚ್ಚಾದಂತೆ ಈ ರೋಗವೂ ಹೆಚ್ಚುತ್ತದೆ.

ಹಾಗೆಂದು ಸಮುದ್ರವೇ ಒಂಟೆಯ ಶತ್ರುವಲ್ಲ. ಗುಜರಾತಿನ ಕಛ್‌ನಲ್ಲಿ ಖಾರಾಯಿ ಎಂಬ ತಳಿಯಿದೆ. 2015ರಲ್ಲಿ ಪ್ರತ್ಯೇಕ ತಳಿಯೆಂದು ಮಾನ್ಯತೆ ಪಡೆದ ಈ ಒಂಟೆಗಳು ಉಪ್ಪುನೀರಿನ ಹಿನ್ನೀರುಗಳನ್ನು ಈಜಿ ದಾಟಿ, ನಡುಗಡ್ಡೆಗಳಲ್ಲಿ ಬೆಳೆದ ಕಾಂಡ್ಲಾ ಗಿಡಗಳ ಸೊಪ್ಪು ಮೇಯುತ್ತವೆ. ಒಂಟೆಗೆ ಬೇರೆ ಜಾನುವಾರುಗಳಿಗಿಂತ ಉಪ್ಪು ಹೆಚ್ಚು ಬೇಕು. ಆ ಸೊಪ್ಪಿನಲ್ಲಿ ಅದು ಸಿಗುತ್ತದೆ. ಸಮುದ್ರ ಪಕ್ಕದಲ್ಲಿದ್ದರೂ ಕಛ್ ಒಣನಾಡು, ಮಳೆ ಕಡಿಮೆ. ಉಪ್ಪುನೀರಿನಲ್ಲಿ ಈಜುವ ಒಂಟೆ ಸುಖವಾಗಿರುವುದು ಆ ಕಾರಣದಿಂದ.

ಇಷ್ಟು ತಿಳಿದವರು ಸವಾರಿ ಬಿಡಬೇಕೇ? ಭಾರತದಲ್ಲಿ 2012ರಲ್ಲಿ 4 ಲಕ್ಷದಷ್ಟಿದ್ದ ಒಂಟೆಗಳು 2019ರ ಜಾನುವಾರು ಗಣತಿಯ ಹೊತ್ತಿಗೆ ಎರಡೂವರೆ ಲಕ್ಷಕ್ಕೆ ಇಳಿದಿದ್ದವು. ಹೊಲದ ಕೆಲಸವೂ ಸಾಗಣೆಯೂ ಟ್ರ್ಯಾಕ್ಟರ್, ಟೆಂಪೊಗಳ ಪಾಲಾದ ಮೇಲೆ ಸಾಕುವವರಿಗೆ ಆದಾಯದ ದಾರಿಗಳು ಹೆಚ್ಚು ಉಳಿದಿಲ್ಲ. ಸವಾರಿಯ ದುಡ್ಡೂ ಒಂದು ಪ್ರಾಣಿಯ ಮೇವಿಗೆ ಆಧಾರ. ಆದ್ದರಿಂದ ಸವಾರಿ ಬೇಡವೆನ್ನುವುದಕ್ಕಿಂತ ನೋಡಿ ಹತ್ತುವುದು ಒಳ್ಳೆಯದು. ಡುಬ್ಬ ನೆಟ್ಟಗೆ ತುಂಬಿಕೊಂಡಿದೆಯೇ, ಜೋತುಬಿದ್ದಿದೆಯೇ? ಕೂದಲು ಉದುರಿ ಚರ್ಮ ದಪ್ಪಗಟ್ಟಿದ್ದರೆ ಅದು ಕಜ್ಜಿಯ ಗುರುತು. ಮೂಗಿನ ಗೂಟದ ಸುತ್ತ, ಜೀನಿನ ಅಡಿಯಲ್ಲಿ ಗಾಯವಿದೆಯೇ? ಹತ್ತಿರದಲ್ಲಿ ನೀರು, ನೆರಳು ಇದೆಯೇ? 1965ರ ಕೇಂದ್ರ ನಿಯಮಗಳ ಪ್ರಕಾರ ಹೊರೆ ಹೊರುವ ಒಂಟೆಗೆ 250 ಕಿಲೋ ಮಿತಿ. 37 ಡಿಗ್ರಿ ದಾಟುವ ಕಡೆ ಮಧ್ಯಾಹ್ನ 12ರಿಂದ 3ರವರೆಗೆ ಹೊರೆಯ ಪ್ರಾಣಿಗಳನ್ನು ದುಡಿಸುವಂತಿಲ್ಲ. ತೇವದ ಕರಾವಳಿಯಲ್ಲಿ 33 ಡಿಗ್ರಿಯೇ ಒಂಟೆಗೆ ಭಾರ. ಅಲ್ಲಿ ಬೆಳಗಿನ, ಸಂಜೆಯ ಸವಾರಿಯೇ ಸರಿ.

ಎಲ್ಲಕ್ಕಿಂತ ಮುಖ್ಯವಾಗಿ ಒಂಟೆಯವನನ್ನು ಒಂದು ಮಾತು ಕೇಳಬೇಕು: ‘ಮಳೆಗಾಲದಲ್ಲಿ ಇದನ್ನು ಎಲ್ಲಿಗೆ ಕರೆದೊಯ್ಯುತ್ತೀರಿ?’ ಮುಂಗಾರಿಗೆ ಮೊದಲು ಒಣ ನೆಲಕ್ಕೆ ಹೊರಡುವ ಒಂಟೆಗೆ ಬದುಕಿದೆ. ನಾಲ್ಕು ತಿಂಗಳ ಜಡಿಮಳೆಯಲ್ಲಿ ತಾಡಪಾಲಿನಡಿ ನಿಲ್ಲುವ ಒಂಟೆಗೆ ರೋಗ ಖಚಿತ. ಬೀಚುಗಳನ್ನು ಗುತ್ತಿಗೆಗೆ ಕೊಡುವವರು ಇದನ್ನೊಂದು ಷರತ್ತಾಗಿ ಬರೆದರೆ ಸಾಕು, ಅರ್ಧ ಕಷ್ಟ ತಪ್ಪುತ್ತದೆ. ಬರೆಯುವವರೆಗೆ ಕೇಳುವ ಕೆಲಸ ದುಡ್ಡು ಕೊಟ್ಟು ಹತ್ತುವವರದು. ನೀರನ್ನು ಅಳೆದು ಬಳಸಿ, ಒಣ ಬೇಸಿಗೆಯಲ್ಲಿ ಬೆಳೆದ ಬೀದರ್ ಸೀಮೆಯ ಜನರಿಗೆ ಈ ಪ್ರಾಣಿಯ ಬದುಕು ಬೇಗ ಅರ್ಥವಾಗುತ್ತದೆ. ಆ ಪ್ರಶ್ನೆಯನ್ನು ಮೊದಲು ಕೇಳಬೇಕಾದವರೂ ಅವರೇ.